ಅಪರಿಚಿತ ಸಂಗೀತಕ್ಕೆ ಕೇಳುಗರ ಕಿವಿ ಒಲಿಸುವುದು ಹೇಗೆ?

ಪ್ರಶ್ನೆ: ಉಡುಪಿ ಹತ್ತಿರದ ಒಂದು ಸಮುದಾಯ ಬಾನುಲಿಯಲ್ಲಿ ಪ್ರತಿ ಶನಿವಾರ ಸಂಜೆ ಒಂದು ಗಂಟೆಯ ಸಂಗೀತ ಕಾರ್ಯಕ್ರಮ ನಡೆಸಿಕೊಡುತ್ತೇನೆ. ತುಳುವಿನ ಕಥನಗೀತೆಯಾದ ಪಾಡ್ದನ, ಹಿಂದುಸ್ತಾನಿಯ ಹಳೆಯ ಗಾಯನಶೈಲಿ ಧ್ರುಪದ್, ಜಾಝ್, ಆಫ್ರಿಕಾದ ತಂತಿವಾದ್ಯ, ಎಲೆಕ್ಟ್ರಾನಿಕ್ ಸಂಗೀತ, ಹೀಗೆ ನಮ್ಮೂರಿನವರಿಗೆ ಬೇರೆ ಕಡೆ ಸುಲಭವಾಗಿ ಸಿಗದ್ದನ್ನು ಕೇಳಿಸಬೇಕೆಂಬ ಆಸೆ. ಆದರೆ ಫೋನ್ ಬರುವುದೆಲ್ಲ ಸಿನಿಮಾ ಹಾಡಿಗೆ. "ಎಂತ ಮಾರಾಯ್ರೆ ಇದು, ಒಂದು ಒಳ್ಳೆ ಪದ್ಯ ಹಾಕಿ" ಎನ್ನುತ್ತಾರೆ. ಕೇಂದ್ರದ ಸಂಯೋಜಕರು ಅರ್ಧಕ್ಕರ್ಧ ಮಾಡಿ ಎಂದರು. ಹಾಗೆ ಮಾಡಿದರೆ ಎರಡೂ ಕಡೆಯವರಿಗೆ ಬೇಸರ. ಸರಿಯಾದ ಪ್ರಮಾಣ ಯಾವುದು?

ಉತ್ತರ: ಅರ್ಧಕ್ಕರ್ಧ ಎಂಬ ಲೆಕ್ಕವನ್ನು ಮೊದಲು ಬಿಟ್ಟುಬಿಡಿ. ಸಂಯೋಜಕರು ನಿಮ್ಮ ಒಳ್ಳೆಯದಕ್ಕೇ ಹೇಳಿದ್ದಾರೆ, ಅದರಲ್ಲಿ ಅನುಮಾನವಿಲ್ಲ. ಆದರೆ ಆರು ಪರಿಚಿತ, ಆರು ಅಪರಿಚಿತ ಎಂದು ಎಣಿಸಿ ಜೋಡಿಸಿದರೆ ಕೇಳುಗರು ಎರಡು ಪಂಗಡವಾಗುತ್ತಾರೆ. ಒಬ್ಬರ ಹಾಡು ಬರುವಾಗ ಇನ್ನೊಬ್ಬರು ಹೊರಡುತ್ತಾರೆ. ಸಭೆಯಲ್ಲಾದರೆ ನಡುವೆ ಏಳುವುದಕ್ಕೆ ಸಂಕೋಚವಿರುತ್ತದೆ, ಬಾನುಲಿಯಲ್ಲಿ ಆ ಸಂಕೋಚವೂ ಇಲ್ಲ. ವರ್ಷಗಟ್ಟಲೆ ಸಂಗೀತ ಕಾರ್ಯಕ್ರಮಗಳನ್ನು ಜೋಡಿಸಿದ ಅನುಭವದಿಂದ ಹೇಳುತ್ತೇನೆ: ಕೇಳುಗರು ಉಳಿಯುವುದು ಅಥವಾ ಹೋಗುವುದು ಯಾವುದು ಎಷ್ಟಿದೆ ಎಂಬುದರ ಮೇಲೆ ಅಲ್ಲ, ಯಾವುದರ ಪಕ್ಕದಲ್ಲಿ ಯಾವುದು ಬರುತ್ತದೆ ಎಂಬುದರ ಮೇಲೆ. ಒಂದು ಹಾಡಿನಿಂದ ಮುಂದಿನದಕ್ಕೆ ಹೋಗುವಾಗ ಕೇಳುಗರ ಕೈಗೆ ಹಿಡಿಯಲು ಏನಾದರೂ ಒಂದು ಸಿಗಬೇಕು. ಅದು ಸಿಕ್ಕಿದರೆ ಅವರು ಎಷ್ಟು ದೂರಕ್ಕೂ ನಿಮ್ಮ ಜೊತೆ ಬರುತ್ತಾರೆ.

ಅದಕ್ಕೆ ಮೊದಲು, "ಪರಿಚಿತ" ಎಂದರೆ ಯಾರಿಗೆ ಎಂದು ಕೇಳಿಕೊಳ್ಳಬೇಕು. ನಿಮ್ಮ ಪಟ್ಟಿಯಲ್ಲಿ ಪಾಡ್ದನವನ್ನು ಧ್ರುಪದ್ ಮತ್ತು ಜಾಝ್ ಜೊತೆ ಸೇರಿಸಿದ್ದೀರಿ. ಮಣಿಪಾಲಕ್ಕೆ ಓದಲು ಬಂದ ಹುಡುಗನಿಗೆ ಪಾಡ್ದನ ಅಪರಿಚಿತ, ಜಾಝ್ ಅಷ್ಟೇನೂ ಹೊಸದಲ್ಲ. ನೇಜಿ ನೆಟ್ಟು ಬೆನ್ನು ನೋಯಿಸಿಕೊಂಡ ಕಾಪು ಕಡೆಯ ಅಜ್ಜಿಗೆ ಭತ್ತದ ನಾಟಿಯ ಹಾಡು ಓಬೇಲೆ ಎಂದರೆ ತನ್ನ ಪ್ರಾಯಕಾಲದ ಹಾಡು, ಸಿನಿಮಾ ಹಾಡಿಗಿಂತ ಹತ್ತಿರದ್ದು. ಮಲ್ಪೆ ಬಂದರಿನಲ್ಲಿ ಬಲೆ ಸರಿಪಡಿಸುತ್ತಿರುವವರಿಗೆ ಚಂಡೆಯ ಪೆಟ್ಟು ಕಿವಿಯಲ್ಲಿ ಯಾವಾಗಲೂ ಇರುವಂಥದ್ದು. ಅದೇ ಚಂಡೆ ಬೆಂಗಳೂರಿನಿಂದ ಬಂದ ಬ್ಯಾಂಕ್ ಉದ್ಯೋಗಿಗೆ ಗದ್ದಲ. ಮನೆಯಲ್ಲಿ ಕುಳಿತು ಬೀಡಿ ಕಟ್ಟುತ್ತ ದಿನವಿಡೀ ರೇಡಿಯೊ ಕೇಳುವ ಹೆಂಗಸರು ನಮ್ಮ ಜಿಲ್ಲೆಗಳಲ್ಲಿ ಎಷ್ಟೋ ಮಂದಿ ಇದ್ದಾರೆ. ಅವರಷ್ಟು ತಾಳ್ಮೆಯ, ಅವರಷ್ಟು ನೆನಪಿನ ಕೇಳುಗರು ನನಗೆ ಬೇರೆ ಎಲ್ಲೂ ಸಿಕ್ಕಿಲ್ಲ. ಸುಲಭ ಎಂದರೆ ಸಿನಿಮಾ, ಕಷ್ಟ ಎಂದರೆ ಉಳಿದದ್ದೆಲ್ಲ ಎಂಬ ಗೆರೆಯನ್ನು ಕರಾವಳಿಯಲ್ಲಿ ಎಳೆಯಲು ಆಗುವುದಿಲ್ಲ. ಇಲ್ಲಿ ತುಳು, ಕನ್ನಡ, ಕೊಂಕಣಿ, ಬ್ಯಾರಿ ನಾಲ್ಕೂ ಒಂದೇ ಬಸ್ಸಿನಲ್ಲಿ ಕೇಳಿಸುತ್ತವೆ, ಒಬ್ಬೊಬ್ಬರ ಪರಿಚಿತ ಒಂದೊಂದು ಕಡೆ ಇದೆ. ಅದು ನಿಮಗೆ ತೊಡಕಲ್ಲ, ಬಂಡವಾಳ.

ನಮ್ಮ ದೇಶದ ಬಾನುಲಿ ಇತಿಹಾಸದಲ್ಲಿ ಈ ಪ್ರಶ್ನೆ ಬಹಳ ದೊಡ್ಡ ಮಟ್ಟದಲ್ಲಿ ಒಮ್ಮೆ ಎದ್ದಿತ್ತು. 1952ರಲ್ಲಿ ಬಿ.ವಿ. ಕೇಸ್ಕರ್ ಮಾಹಿತಿ ಮತ್ತು ಪ್ರಸಾರ ಸಚಿವರಾದಾಗ ಆಕಾಶವಾಣಿಯಿಂದ ಸಿನಿಮಾ ಹಾಡುಗಳು ಹೆಚ್ಚುಕಡಿಮೆ ಮಾಯವಾದವು. ಜನರ ಅಭಿರುಚಿಯನ್ನು ಶಾಸ್ತ್ರೀಯ ಸಂಗೀತದ ಕಡೆಗೆ ತಿರುಗಿಸಬೇಕು ಎಂಬುದು ಅವರ ಹಂಬಲ. ಜನ ಏನು ಮಾಡಿದರು? ಸಿನಿಮಾ ಹಾಡು ಕೇಳಲು ರೇಡಿಯೊ ಸಿಲೋನ್ ಕಡೆ ತಿರುಗಿದರು. ಅಮೀನ್ ಸಯಾನಿಯವರ ಬಿನಾಕಾ ಗೀತ್ ಮಾಲಾ ಮನೆಮನೆಗೆ ತಲುಪಿತು. ಕೊನೆಗೆ 1957ರ ಅಕ್ಟೋಬರ್ 3ರಂದು ಆಕಾಶವಾಣಿಯೇ ವಿವಿಧ ಭಾರತಿಯನ್ನು ಆರಂಭಿಸಬೇಕಾಯಿತು. ಇಷ್ಟನ್ನು ಎಲ್ಲರೂ ಹೇಳುತ್ತಾರೆ, ಹೇಳಿ ನಗುತ್ತಾರೆ. ಇನ್ನೊಂದು ಅರ್ಧವನ್ನು ಮರೆಯುತ್ತಾರೆ. ಅದೇ 1952ರಲ್ಲಿ ಆಕಾಶವಾಣಿಯ ರಾಷ್ಟ್ರೀಯ ಸಂಗೀತ ಕಾರ್ಯಕ್ರಮ ಶುರುವಾಯಿತು, ರವಿಶಂಕರ್ ಅವರ ನೇತೃತ್ವದಲ್ಲಿ ವಾದ್ಯವೃಂದ ಹುಟ್ಟಿತು, 1954ರಿಂದ ರೇಡಿಯೊ ಸಂಗೀತ ಸಮ್ಮೇಳನ ನಡೆಯಿತು. ಸಭೆಯ ಟಿಕೆಟು ಕೊಳ್ಳಲಾಗದ ಸಣ್ಣ ಊರಿನ ಮಕ್ಕಳು ರಾತ್ರಿ ರೇಡಿಯೊ ಮುಂದೆ ಕುಳಿತು ದೊಡ್ಡ ದೊಡ್ಡ ವಿದ್ವಾಂಸರನ್ನು ಕೇಳಿ ಬೆಳೆದರು. ಅಂದರೆ ಜನರ ಹಾಡನ್ನು ಕಿತ್ತುಕೊಂಡು ಬೇರೆ ಅಭಿರುಚಿ ಕೊಡಲು ಆಗಲಿಲ್ಲ. ಆದರೆ ನಿಗದಿತ ದಿನ, ನಿಗದಿತ ಹೊತ್ತಿಗೆ, ತಪ್ಪದೆ, ವರ್ಷಗಟ್ಟಲೆ ಕೊಟ್ಟದ್ದು ಕಿವಿಗಳನ್ನು ಬೆಳೆಸಿತು. ಎರಡನ್ನೂ ನಾವು ಕಲಿಯಬೇಕು.

ನಿಮ್ಮ ಪರಿಸ್ಥಿತಿ ಅವರಿಗಿಂತ ಹಗುರ. ಮಂಗಳೂರಿನ ಖಾಸಗಿ ಎಫ್‌ಎಂಗಳು ಬೆಳಗ್ಗಿನಿಂದ ರಾತ್ರಿವರೆಗೆ ಸಿನಿಮಾ ಹಾಡು ಕೊಡುತ್ತವೆ, ಮೊಬೈಲಿನಲ್ಲಂತೂ ಬೇಕಾದ್ದು ಬೇಕಾದಾಗ ಸಿಗುತ್ತದೆ. ನಿಮ್ಮ ಒಂದು ಗಂಟೆಯಲ್ಲಿ ಹಿಟ್ ಹಾಡು ಬಾರದಿದ್ದರೆ ಯಾರೂ ಅದರಿಂದ ವಂಚಿತರಾಗುವುದಿಲ್ಲ. ಸಮುದಾಯ ಬಾನುಲಿಯ ನೀತಿ ಕೂಡ ಕನಿಷ್ಠ ಅರ್ಧದಷ್ಟು ಕಾರ್ಯಕ್ರಮ ಸ್ಥಳೀಯ ಜನರ ಪಾಲ್ಗೊಳ್ಳುವಿಕೆಯಿಂದಲೇ ಆಗಬೇಕು ಎನ್ನುತ್ತದೆ. ನೀವು ಊರಿನ ಸಂಗೀತವನ್ನು ಕೇಂದ್ರದಲ್ಲಿಟ್ಟು ಅಲ್ಲಿಂದ ಹೊರಗೆ ಹೊರಡುತ್ತಿದ್ದರೆ ಕೇಂದ್ರದ ಉದ್ದೇಶಕ್ಕೆ ಸರಿಯಾಗಿಯೇ ಇದ್ದೀರಿ. ಸಂಯೋಜಕರಿಗೆ ಇದನ್ನು ಧೈರ್ಯವಾಗಿ ಹೇಳಬಹುದು.

ಈಗ ಕೈಗೆ ಹಿಡಿಯಲು ಸಿಗುವುದರ ವಿಚಾರ. ಒಂದು ಹಾಡಿನಲ್ಲಿ ಕೇಳುಗರಿಗೆ ಅಂಟಿಕೊಳ್ಳುವ ಸಂಗತಿಗಳು ಕೆಲವೇ: ಭಾಷೆ, ದನಿ, ವಾದ್ಯ, ಲಯ, ಶ್ರುತಿ, ಕತೆ. ಮುಂದಿನ ಹಾಡಿನಲ್ಲಿ ಇವುಗಳಲ್ಲಿ ಒಂದಾದರೂ ಹಾಗೆಯೇ ಉಳಿದರೆ ಉಳಿದದ್ದೆಲ್ಲ ಬದಲಾದರೂ ಕಿವಿ ಹೆದರುವುದಿಲ್ಲ. ಎಲ್ಲವೂ ಒಟ್ಟಿಗೆ ಬದಲಾದರೆ ಎಷ್ಟು ಒಳ್ಳೆಯ ಸಂಗೀತವಾದರೂ ಅದು ಕೇಳುಗರಿಗೆ ಸ್ಟೇಷನ್ ತಪ್ಪಿದ ಹಾಗೆ ಕೇಳಿಸುತ್ತದೆ.

ಒಂದು ಗಂಟೆಯನ್ನು ಜೋಡಿಸಿಯೇ ತೋರಿಸುತ್ತೇನೆ. ಆರಂಭಕ್ಕೆ ಕದ್ರಿ ಗೋಪಾಲನಾಥರ ಸ್ಯಾಕ್ಸೊಫೋನಿನಲ್ಲಿ ಒಂದು ಕೀರ್ತನೆ, ಐದಾರು ನಿಮಿಷದ್ದು. ನಮ್ಮ ಕಡೆ ಸ್ಯಾಕ್ಸೊಫೋನ್ ಎಂದರೆ ಮದುವೆಯ ವಾದ್ಯ, ರಥೋತ್ಸವದ ವಾದ್ಯ. ಚಪ್ಪರದಡಿ ಅದನ್ನು ಕೇಳದವರು ಅಪರೂಪ. ಇದಾದ ಮೇಲೆ 2008ರಲ್ಲಿ ಅಮೆರಿಕದ ಆಲ್ಟೊ ಸ್ಯಾಕ್ಸೊಫೋನ್ ವಾದಕ ರುದ್ರೇಶ್ ಮಹಂತಪ್ಪ ಅವರು ಗೋಪಾಲನಾಥರ ಜೊತೆ ಸೇರಿ ಹೊರತಂದ ಕಿನ್ಸ್‌ಮೆನ್ ಆಲ್ಬಮ್ಮಿನಿಂದ ಒಂದು ಭಾಗ. ಅಲ್ಲಿ ಜಾಝ್ ಇದೆ, ಡ್ರಮ್ಸ್ ಇದೆ, ನಮ್ಮ ಕಿವಿಗೆ ಗೊತ್ತಿಲ್ಲದ ತಿರುವುಗಳಿವೆ. ಆದರೆ ಒಂದು ಪಕ್ಕದಲ್ಲಿ ಬಂಟ್ವಾಳ ತಾಲೂಕಿನ ಸಜಿಪದಲ್ಲಿ ಹುಟ್ಟಿದ ಅದೇ ಸ್ಯಾಕ್ಸೊಫೋನ್ ದನಿಯೂ ಇದೆ. ಕೇಳುಗರು ಅದನ್ನು ಹಿಡಿದುಕೊಂಡು ಉಳಿದದ್ದರೊಳಗೆ ನಡೆಯುತ್ತಾರೆ. ಅಲ್ಲಿಂದ ಅಮೆರಿಕದ ಜಾಝ್ ಸ್ಯಾಕ್ಸೊಫೋನ್ ವಾದಕ ಜಾನ್ ಕೋಲ್ಟ್ರೇನ್. ಬರೇ ಹೆಸರು ಹೇಳಿದರೆ ದೂರದವನು. "ಇವರು ರವಿಶಂಕರ್ ಅವರ ಸಂಗೀತವನ್ನು ಎಷ್ಟು ಹಚ್ಚಿಕೊಂಡಿದ್ದರೆಂದರೆ 1965ರಲ್ಲಿ ಹುಟ್ಟಿದ ಮಗನಿಗೆ ರವಿ ಎಂದು ಹೆಸರಿಟ್ಟರು" ಎಂದು ಹೇಳಿ ಬಿತ್ತರಿಸಿ ನೋಡಿ. ಅವರ ಆ ಕಾಲದ ಸಂಗೀತ ಒಂದೇ ಆಧಾರ ಸ್ವರದ ಮೇಲೆ ಬಹಳ ಹೊತ್ತು ನಿಂತು ಸ್ವರಗಳನ್ನು ತಿರುವಿ ತಿರುವಿ ನೋಡುವಂಥದ್ದು. ಶ್ರುತಿಪೆಟ್ಟಿಗೆಯೊಡನೆ ಬೆಳೆದ ಕಿವಿಗೆ ಅದು ಪಾಶ್ಚಾತ್ಯ ಸಂಗೀತದ ಎಷ್ಟೋ ಪ್ರಕಾರಗಳಿಗಿಂತ ಸುಲಭ. ಅಲ್ಲಿಗೆ ಇಪ್ಪತ್ತು ನಿಮಿಷ ಆಗಿರುತ್ತದೆ. ಸ್ಯಾಕ್ಸೊಫೋನ್ ಎಂಬ ಒಂದೇ ಎಳೆ ಹಿಡಿದು ರಥಬೀದಿಯಿಂದ ನ್ಯೂಯಾರ್ಕಿನವರೆಗೆ ಹೋಗಿ ಆಗಿದೆ.

ಇಲ್ಲಿ ನಿಲ್ಲಿಸಿ, ಕೇಳುಗರನ್ನು ಮನೆಗೆ ಕರೆದುಕೊಂಡು ಬನ್ನಿ. ವಿಲ್ಫಿ ರೆಬಿಂಬಸ್ ಅವರ ದನಿಯಲ್ಲಿ ಒಂದು ಕೊಂಕಣಿ ಹಾಡು. ಮಂಗಳೂರಿನ ಕೊಂಕಣಿ ಮನೆಗಳಲ್ಲಿ ಅವರನ್ನು ಕೊಂಕಣ ಕೋಗಿಲೆ ಎಂದೇ ಕರೆಯುವುದು. ಇದು ವಿಶ್ರಾಂತಿಗೆ ಹಾಕಿದ ಸುಲಭದ ಹಾಡು ಎಂದು ನೀವು ಮನಸ್ಸಿನಲ್ಲಿ ಅಂದುಕೊಂಡರೆ ಅದು ನಿಮ್ಮ ದನಿಯಲ್ಲಿ ಗೊತ್ತಾಗುತ್ತದೆ. ದಯವಿಟ್ಟು ಹಾಗೆ ಅಂದುಕೊಳ್ಳಬೇಡಿ. ಜಾಝ್ ಆದ ಮೇಲೆ ಕೇಳಿದಾಗ ಆ ಹಾಡಿನ ಹಿನ್ನೆಲೆಯ ಗಿಟಾರು, ಸ್ವರಮೇಳ ಎಲ್ಲ ಬೇರೆಯೇ ಕೇಳಿಸುತ್ತವೆ. ದೂರ ಹೋಗಿ ಬಂದ ಕಿವಿ ಹತ್ತಿರದ್ದನ್ನು ಹೊಸದಾಗಿ ಕೇಳುತ್ತದೆ. ನನಗೆ ಈ ಕೆಲಸದಲ್ಲಿ ಅತ್ಯಂತ ಸಂತೋಷ ಕೊಡುವ ಗಳಿಗೆ ಇದೇ.

ಎರಡನೆಯ ಅರ್ಧಕ್ಕೆ ಎಳೆಯನ್ನು ಬದಲಿಸಿ: ಕತೆ. ಗದ್ದೆಯಲ್ಲಿ ಒಬ್ಬರು ಹೇಳಿ ಉಳಿದವರು ಸೊಲ್ಲೆತ್ತುವ ಓಬೇಲೆ, ಮೂರು ನಿಮಿಷ. ಅದರ ಬೆನ್ನಿಗೆ ಪಶ್ಚಿಮ ಆಫ್ರಿಕಾದ ಕೋರಾ, 21 ತಂತಿಗಳ ವಾದ್ಯ. ಮಾಲಿ ದೇಶದ ತೂಮಾನಿ ದಿಯಾಬಾತೆ 2024ರಲ್ಲಿ ತೀರಿಕೊಳ್ಳುವವರೆಗೂ ಅದರ ದೊಡ್ಡ ಹೆಸರು. ಅಲ್ಲಿ ವಂಶಪಾರಂಪರ್ಯವಾಗಿ ಹಾಡುವ ಮನೆತನಗಳಿವೆ, ರಾಜರ ವೀರರ ಹುಟ್ಟು ಬೆಳವಣಿಗೆ ಕುಲಗಳನ್ನು ನೆನಪಿನಿಂದ ಹಾಡುವುದೇ ಅವರ ಕಾಯಕ. ವೀರರ ಹುಟ್ಟು, ಬದುಕು, ಸಾವನ್ನು ಪಾಡ್ದನದಲ್ಲಿ ಕೇಳಿ ಬೆಳೆದ ತುಳುವರಿಗೆ ಇದಕ್ಕಿಂತ ಹೆಚ್ಚಿನ ಪೀಠಿಕೆ ಬೇಡ. ಒಂದೇ ವಾಕ್ಯ ಸಾಕು.

ಆಮೇಲೆ ಯಕ್ಷಗಾನದ ಒಂದು ಏರು ಪದ್ಯ. ಚಂಡೆ ಮದ್ದಳೆಯ ಬಿಸಿ ಇನ್ನೂ ಆರದಿರುವಾಗಲೇ ಅಮೆರಿಕದ ಸ್ಟೀವ್ ರೈಶ್ 1972ರಲ್ಲಿ ರಚಿಸಿದ, ಇಬ್ಬರು ಬರೇ ಚಪ್ಪಾಳೆ ತಟ್ಟುವ ಕೃತಿ. ಇಬ್ಬರೂ 12 ಅಕ್ಷರದ ಒಂದೇ ನಡೆಯನ್ನು ತಟ್ಟುತ್ತಾರೆ. ಒಬ್ಬರು ಬದಲಿಸುವುದೇ ಇಲ್ಲ. ಇನ್ನೊಬ್ಬರು ಆಗಾಗ ಒಂದೊಂದು ಅಕ್ಷರ ಮುಂದೆ ಸರಿಯುತ್ತ ಸರಿಯುತ್ತ ಕೊನೆಗೆ ಮತ್ತೆ ಒಟ್ಟಾಗುತ್ತಾರೆ. ಇದನ್ನು ಪಾಶ್ಚಾತ್ಯ ಪ್ರಯೋಗಶೀಲ ಸಂಗೀತ ಎಂದು ಪರಿಚಯಿಸಿದರೆ ಅರ್ಧ ಜನ ಹೋಗುತ್ತಾರೆ. "ನೀವೂ ಕೈಯಲ್ಲಿ ತಾಳ ಹಾಕಿ, ಎಲ್ಲಿ ತಪ್ಪುತ್ತದೆ ನೋಡುವ" ಎಂದರೆ ಚಂಡೆ ಕಲಿಯುತ್ತಿರುವ ಹುಡುಗರಿಂದ ಹಿಡಿದು ಮೃದಂಗದ ಮೇಷ್ಟರವರೆಗೆ ಎಲ್ಲರೂ ಕೊನೆವರೆಗೆ ಕೂರುತ್ತಾರೆ. ಮುಗಿಸಲು ಒಂದು ದೇವರನಾಮ. ಉಡುಪಿಯಲ್ಲಿ ಕುಳಿತು ದಾಸರ ಪದದಲ್ಲಿ ಮುಗಿಸುವುದಕ್ಕೆ ವಿವರಣೆ ಬೇಡ.

ಇದನ್ನೆಲ್ಲ ಕೂಡಿದರೆ ಸಂಗೀತ ಸುಮಾರು 45 ನಿಮಿಷ, ಉಳಿದದ್ದು ಮಾತು ಮತ್ತು ಶೀರ್ಷಿಕೆ ಸಂಗೀತ. ಇದರಲ್ಲಿ ಸಿನಿಮಾ ಹಾಡು ಒಂದೂ ಇಲ್ಲ, ಆದರೂ ಅಪರಿಚಿತವಾದದ್ದು ನಾಲ್ಕೇ. ಎರಡು ಅಪರಿಚಿತ ಕೃತಿಗಳು ಒಟ್ಟಿಗೆ ಬಂದದ್ದು ಒಂದೇ ಕಡೆ, ಅಲ್ಲಿ ವಾದ್ಯ ಬದಲಾಗಲಿಲ್ಲ.

ಕ್ರಮದ ಬಗ್ಗೆ ಇನ್ನೊಂದು ಮಾತು. ಇದನ್ನು ನಾವು ಹೊರಗಿನಿಂದ ಕಲಿಯಬೇಕಾಗಿಲ್ಲ. ಇಂದಿನ ಕರ್ನಾಟಕ ಸಂಗೀತ ಕಛೇರಿಯ ಸ್ವರೂಪವನ್ನು ರೂಢಿಗೆ ತಂದವರು ಅರಿಯಕ್ಕುಡಿ ರಾಮಾನುಜ ಅಯ್ಯಂಗಾರ್ (1890–1967). ವರ್ಣದಿಂದ ಆರಂಭ, ಚುರುಕಾದ ಕೃತಿಗಳು, ನಡುವೆ ವಿಸ್ತಾರವಾದ ರಾಗ, ತಾಳವಾದ್ಯದವರ ತನಿ ಆವರ್ತನ, ಕೊನೆಗೆ ದೇವರನಾಮ, ತುಕ್ಕಡ ಎನ್ನುವ ಚಿಕ್ಕ ಹಾಡುಗಳು, ಮಂಗಳ. ಭಾರವಾದದ್ದನ್ನು ಅವರು ಮೊದಲಿಗೂ ಇಡಲಿಲ್ಲ, ಕೊನೆಗೂ ಇಡಲಿಲ್ಲ. ಕಿವಿ ಕಾದ ಮೇಲೆ, ದಣಿಯುವ ಮೊದಲು ಇಟ್ಟರು. ದೇವರನಾಮ ಕೇಳಲೆಂದೇ ಬಂದವರು ರಾಗಾಲಾಪನೆಯನ್ನೂ ಕೇಳಿಸಿಕೊಂಡರು, ಕೇಳಿ ಕೇಳಿ ಅವರಲ್ಲಿ ಎಷ್ಟೋ ಮಂದಿ ರಸಿಕರಾದರು. ನಮ್ಮ ಯಕ್ಷಗಾನದ ಭಾಗವತರಿಗೂ ಈ ವಿದ್ಯೆ ಚೆನ್ನಾಗಿ ಗೊತ್ತು. ಇಡೀ ರಾತ್ರಿಯ ಆಟದಲ್ಲಿ ಯಾವ ಹೊತ್ತಿಗೆ ಶೃಂಗಾರ, ಯಾವ ಹೊತ್ತಿಗೆ ಹಾಸ್ಯಗಾರರು ಬರಬೇಕು, ಯಾವಾಗ ಕಾಲ ಏರಿಸಿ ತೂಕಡಿಸುವವರನ್ನು ಎಬ್ಬಿಸಬೇಕು ಎಂಬುದನ್ನು ಅವರು ಸಭೆಯ ಮುಖ ನೋಡಿ ನಿರ್ಧರಿಸುತ್ತಾರೆ. ಕೆಲವೇ ಗಂಟೆಗಳಲ್ಲಿ ಮುಗಿಸುವ ಕಾಲಮಿತಿ ಆಟ ಬಂದ ಮೇಲಂತೂ ಯಾವುದನ್ನು ಬಿಡಬೇಕು, ಯಾವುದನ್ನು ಬಿಡಲೇಬಾರದು ಎಂಬುದು ಇನ್ನೂ ಕಠಿಣ ಲೆಕ್ಕ. ನಿಮ್ಮೂರಿನ ಒಬ್ಬ ಭಾಗವತರನ್ನು ಸಂದರ್ಶನಕ್ಕೆ ಕರೆದು ಬರೇ ಇದೊಂದನ್ನೇ ಕೇಳಿ. ಕಾರ್ಯಕ್ರಮವೂ ಆಯಿತು, ಪಾಠವೂ ಆಯಿತು.

ನೀವು ಸಭೆಯ ಮುಖ ನೋಡುವಂತಿಲ್ಲ ಎಂಬುದು ನಿಜ. ಇನ್ನೊಂದು ವ್ಯತ್ಯಾಸವೂ ಇದೆ: ಬಾನುಲಿಗೆ ಕೇಳುಗರು ನಡುವಿನಲ್ಲಿ ಬಂದು ಸೇರುತ್ತಾರೆ. ಆರು ಗಂಟೆಗೆ ನೀವು ಕೊಟ್ಟ ಪೀಠಿಕೆ ಆರೂ ಇಪ್ಪತ್ತಕ್ಕೆ ರೇಡಿಯೊ ಹಾಕಿದವರಿಗೆ ಗೊತ್ತಿಲ್ಲ. ಹಾಗಾಗಿ ಹೊಸದಾದ ಪ್ರತಿಯೊಂದು ಕೃತಿಯ ಮೊದಲೂ ಒಂದು ಮಾತು, ನಂತರವೂ ಒಂದು ಮಾತು ಬೇಕು. ನಂತರದ್ದು ಮುಖ್ಯ, ಏಕೆಂದರೆ ಇಷ್ಟವಾದ ಮೇಲೆಯೇ ಜನ ಹೆಸರು ಕೇಳಲು ಕಾಯುವುದು. 1902ರಲ್ಲಿ ಕೋಲ್ಕತ್ತದಲ್ಲಿ ಗ್ರಾಮಫೋನಿಗೆ ಹಾಡಿದ ಗಾಯಕಿ ಗೌಹರ್ ಜಾನ್ ಹಾಡಿನ ಕೊನೆಗೆ ತಮ್ಮ ಹೆಸರನ್ನು ಗಟ್ಟಿಯಾಗಿ ಹೇಳುತ್ತಿದ್ದರು. ತಟ್ಟೆ ಅಚ್ಚಾಗುತ್ತಿದ್ದ ಜರ್ಮನಿಯಲ್ಲಿ ಗುರುತು ಹಿಡಿಯಲು ಮಾಡಿದ ವ್ಯವಸ್ಥೆ ಅದು. ಕೇಳುಗರಿಗೂ ಅದರಿಂದಲೇ ಹೆಸರು ನೆನಪುಳಿಯಿತು. ಅಂದ ಹಾಗೆ, ಆ ಹಳೆಯ 78 ಆರ್‌ಪಿಎಂ ತಟ್ಟೆಗಳು ನಿಮಗೆ ಬೇರೆ ರೀತಿಯಲ್ಲೂ ಉಪಕಾರಿ. ಒಂದು ಬದಿಗೆ ಮೂರು ನಿಮಿಷದಷ್ಟೇ ಜಾಗ. ಗಂಟೆಗಟ್ಟಲೆ ಹಾಡಬಲ್ಲ ವಿದ್ವಾಂಸರು ರಾಗದ ಸಾರವನ್ನು ಆ ಮೂರು ನಿಮಿಷಕ್ಕೆ ಇಳಿಸಿದ್ದಾರೆ. ಅರ್ಧ ಗಂಟೆಯ ಧ್ರುಪದ್ ಆಲಾಪವನ್ನು ಎರಡು ನಿಮಿಷಕ್ಕೆ ಕತ್ತರಿಸಿ ಸದ್ದು ಇಳಿಸಿಬಿಡುವುದಕ್ಕಿಂತ ಅಂಥ ತಟ್ಟೆಯಿಂದ ಆರಂಭಿಸುವುದು ಸಾವಿರ ಪಾಲು ಲೇಸು. ಆಲಾಪವನ್ನು ನಡುವೆ ಕತ್ತರಿಸುವುದು ನನಗಂತೂ ಸಹಿಸಲಾಗದ ಸಂಗತಿ. ಜಾಗವಿಲ್ಲದಿದ್ದರೆ ಹಾಕಬೇಡಿ, ಹಾಕಿದರೆ ನಿಲುಗಡೆಯವರೆಗೆ ಬಿಡಿ.

ಮಾತು ಹೇಗಿರಬೇಕು? ಚಿಕ್ಕದಾಗಿ, ನೇರವಾಗಿ, ಏನನ್ನು ಕೇಳಬೇಕು ಎಂಬುದನ್ನು ತೋರಿಸುವಂತೆ. "ಶ್ರೇಷ್ಠ", "ಅಪರೂಪದ", "ಪ್ರಬುದ್ಧ ಕೇಳುಗರಿಗಾಗಿ" ಎಂಬ ಪದಗಳನ್ನು ಬಿಟ್ಟುಬಿಡಿ. ಕೇಳುಗರಿಗೆ ಅವು ಪರೀಕ್ಷೆಯ ಪ್ರಶ್ನೆಪತ್ರಿಕೆಯಂತೆ ಕೇಳಿಸುತ್ತವೆ. "ಸ್ವಲ್ಪ ಕಷ್ಟ ಅನ್ನಿಸಬಹುದು, ದಯವಿಟ್ಟು ಕೇಳಿ" ಎಂಬ ವಿನಂತಿಯೂ ಬೇಡ. ಬದಲಿಗೆ, "ಎರಡನೇ ನಿಮಿಷದಲ್ಲಿ ಒಂದು ಹೊಸ ಡ್ರಮ್ ಸೇರುತ್ತದೆ, ಅಲ್ಲಿಂದ ನಡೆ ಬದಲಾಗುತ್ತದೆ" ಎಂದರೆ ಆ ಎರಡನೇ ನಿಮಿಷದವರೆಗೆ ಅವರು ಇರುತ್ತಾರೆ. ಬಿಬಿಸಿ ರೇಡಿಯೊ ಒನ್‌ನಲ್ಲಿ 1967ರಿಂದ 2004ರಲ್ಲಿ ತೀರಿಕೊಳ್ಳುವವರೆಗೆ ಕೆಲಸ ಮಾಡಿದ ಜಾನ್ ಪೀಲ್ ಪಂಕ್, ರೆಗ್ಗೆ, ಆಫ್ರಿಕಾದ ಗಿಟಾರು, ಹೆಸರೇ ಕೇಳದ ಹುಡುಗರ ತಂಡ ಎಲ್ಲವನ್ನೂ ಪಕ್ಕಪಕ್ಕದಲ್ಲಿ ಕೇಳಿಸುತ್ತಿದ್ದರು. ಜನ ಅವರನ್ನು ಬಿಡದೆ ಕೇಳಿದ್ದು ಆ ಆಡಂಬರವಿಲ್ಲದ ದನಿಯಿಂದ, ಪಕ್ಕದ ಮನೆಯವರು ತಮಗೆ ಸಿಕ್ಕಿದ ಹಾಡನ್ನು ಹಂಚಿಕೊಂಡಂಥ ಧಾಟಿಯಿಂದ. ನಿಮ್ಮ ಟ್ರಾನ್ಸ್‌ಮಿಟರಿನ ವ್ಯಾಪ್ತಿ ಸುಮಾರು ಹತ್ತು ಕಿಲೋಮೀಟರ್. ನೀವು ನಿಜವಾಗಿಯೂ ನೆರೆಹೊರೆಯವರೇ, ಆ ದನಿ ನಿಮಗೆ ಸಹಜವಾಗಿಯೇ ಬರಬೇಕು. ಸಾಧ್ಯವಾದರೆ ಎರಡು ವಾಕ್ಯ ತುಳುವಿನಲ್ಲಿ, ಕೊಂಕಣಿಯಲ್ಲಿ ಹೇಳಿ.

ಇನ್ನು ಪುನರಾವರ್ತನೆ. ಇದನ್ನು ಹೊಸ ನಿರೂಪಕರು ಮಾಡುವುದೇ ಇಲ್ಲ; ಪ್ರತಿ ವಾರ ಹೊಸದು ಕೊಡಬೇಕೆಂಬ ಉತ್ಸಾಹ. ಒಮ್ಮೆ ಕೇಳಿದ್ದು ಯಾರ ಮನಸ್ಸಿನಲ್ಲೂ ನಿಲ್ಲುವುದಿಲ್ಲ. ಸಿನಿಮಾ ಹಾಡು ಇಷ್ಟವಾಗುವುದರಲ್ಲಿ ಅರ್ಧ ಪಾಲು ಅದನ್ನು ಬಸ್ಸಿನಲ್ಲಿ, ಮದುವೆಮನೆಯಲ್ಲಿ, ಅಂಗಡಿಯಲ್ಲಿ ಮತ್ತೆ ಮತ್ತೆ ಕೇಳಿದ್ದರ ಫಲ. ಮನೋವಿಜ್ಞಾನಿ ರಾಬರ್ಟ್ ಝಾಯೊಂಟ್ಸ್ 1968ರಲ್ಲಿಯೇ ತೋರಿಸಿದ್ದು ಇದನ್ನೇ: ಬರೇ ಮತ್ತೆ ಮತ್ತೆ ಎದುರಾಗುವುದರಿಂದಲೇ ಒಂದು ವಸ್ತುವಿನ ಮೇಲೆ ಒಲವು ಬೆಳೆಯುತ್ತದೆ. ಅದಕ್ಕೆ ಮಿತಿಯೂ ಇದೆ. ತೀರ ಸರಳವಾದದ್ದು ಬೇಗ ಸಾಕೆನಿಸುತ್ತದೆ, ಸಂಕೀರ್ಣವಾದದ್ದಕ್ಕೆ ಒಲವು ನಿಧಾನಕ್ಕೆ ಏರಿ ಹೆಚ್ಚು ಕಾಲ ಉಳಿಯುತ್ತದೆ. ಆದ್ದರಿಂದ ಈ ತಿಂಗಳು ಬಿತ್ತರಿಸಿದ ಕೋರಾವನ್ನು ಎರಡು ವಾರ ಬಿಟ್ಟು ಅದೇ ಕೃತಿಯನ್ನೇ ಮತ್ತೆ ಹಾಕಿ, ಬೇರೆ ಹಾಡಿನ ಪಕ್ಕದಲ್ಲಿ. ಮೂರನೇ ಸಲಕ್ಕೆ ಅದು ನಿಮ್ಮ ಕೇಳುಗರಿಗೆ ಪರಿಚಿತರ ಸಾಲಿಗೆ ಸೇರಿರುತ್ತದೆ. ಆಮೇಲೆ ಅದನ್ನೇ ಮೆಟ್ಟಿಲಾಗಿ ಇಟ್ಟುಕೊಂಡು ಇನ್ನೂ ಮುಂದೆ ಹೋಗಬಹುದು.

ಈಗ ಯಾರೂ ಹೇಳದ, ಆದರೆ ನಿಮ್ಮ ದೂರುಗಳಲ್ಲಿ ಎಷ್ಟೋ ಭಾಗಕ್ಕೆ ಕಾರಣವಾಗಿರಬಹುದಾದ ಒಂದು ವಿಷಯ: ಸದ್ದಿನ ಮಟ್ಟ. ಇತ್ತೀಚಿನ ಸಿನಿಮಾ ಹಾಡುಗಳ ಮಾಸ್ಟರಿಂಗ್‌ನಲ್ಲಿ, ಅಂದರೆ ಧ್ವನಿಯನ್ನು ಕೊನೆಗೆ ಹದಗೊಳಿಸುವಾಗ, ಮೆಲುದನಿಯನ್ನೂ ಜೋರು ದನಿಯನ್ನೂ ಒತ್ತಿ ಒಂದೇ ಎತ್ತರಕ್ಕೆ ತಂದಿರುತ್ತಾರೆ. ಅದರ ಬೆನ್ನಿಗೆ ವೀಣೆಯೋ ರುದ್ರವೀಣೆಯೋ ಬಂದರೆ ಮೀಟರಿನಲ್ಲಿ ಗರಿಷ್ಠ ಮಟ್ಟ ಒಂದೇ ತೋರಿಸಿದರೂ ಕಿವಿಗೆ ಅರ್ಧಕ್ಕರ್ಧ ಇಳಿದ ಹಾಗೆ ಆಗುತ್ತದೆ. ಅಡುಗೆಮನೆಯಲ್ಲಿ ಮಿಕ್ಸಿ, ಹೊರಗೆ ಜೂನ್ ತಿಂಗಳ ಮಳೆ, ಹಂಚಿನ ಮಾಡಿನ ಮೇಲೆ ಆ ಸದ್ದು. "ಸಪ್ಪೆ" ಎಂದು ಯಾರಾದರೂ ಹೇಳಿದರೆ ಅದು ಸಂಗೀತಕ್ಕಲ್ಲ, ಕೇಳಿಸದೆ ಇದ್ದದ್ದಕ್ಕೆ ಇರಬಹುದು. ಗರಿಷ್ಠ ಮಟ್ಟವನ್ನು ನೋಡಬೇಡಿ, ಕಿವಿಗೆ ಎಷ್ಟು ಜೋರಾಗಿ ಕೇಳಿಸುತ್ತದೆ ಎಂದು ಹೇಳುವ ಲೌಡ್‌ನೆಸ್ ಅಳತೆಯನ್ನು ನೋಡಿ. ಉಚಿತವಾಗಿ ಸಿಗುವ ಆಡಾಸಿಟಿ ತಂತ್ರಾಂಶದಲ್ಲಿಯೇ ಲೌಡ್‌ನೆಸ್ ಸರಿಹೊಂದಿಸುವ ಸೌಲಭ್ಯವಿದೆ. ಒಂದು ಅಂಕಿ ಆರಿಸಿಕೊಂಡು ಎಲ್ಲ ಕಡತಗಳನ್ನೂ, ನಿಮ್ಮ ಮಾತನ್ನೂ ಅದಕ್ಕೇ ಹೊಂದಿಸಿ. ಜೊತೆಗೆ ಇಡೀ ಕಾರ್ಯಕ್ರಮವನ್ನು ಒಮ್ಮೆ ಸಾಧಾರಣ ಮೊಬೈಲ್ ಸ್ಪೀಕರಿನಲ್ಲಿ ಕೇಳಿ. ಆ ಸಣ್ಣ ಸ್ಪೀಕರಿನಲ್ಲಿ ಸುಮಾರು 200 ಹರ್ಟ್ಸ್‌ಗಿಂತ ಕೆಳಗಿನ ನಾದ ಬಹುಮಟ್ಟಿಗೆ ಬರುವುದೇ ಇಲ್ಲ. ಮಂದ್ರದ ಆಲಾಪ, ಮದ್ದಳೆಯ ಎಡದ ಘಾತ, ಎಲೆಕ್ಟ್ರಾನಿಕ್ ಸಂಗೀತದ ಬೇಸ್ ಎಲ್ಲ ಅಲ್ಲಿ ಸೋರಿಹೋಗುತ್ತವೆ. ಅಂಥ ಕೃತಿಗಳನ್ನು ಬಿಡಬೇಕೆಂದಿಲ್ಲ. ಮಧ್ಯಸ್ಥಾಯಿಗೆ ಬೇಗ ಏರುವ ಧ್ವನಿಮುದ್ರಣವನ್ನು ಹುಡುಕಿದರೆ ಸಾಕು.

ಸಿನಿಮಾ ಹಾಡನ್ನು ಪೂರ್ತಿ ಹೊರಗಿಡಿ ಎಂದು ನಾನು ಹೇಳುತ್ತಿಲ್ಲ. ಆದರೆ ಅದನ್ನು ಕೇಳುಗರನ್ನು ಸೆಳೆಯುವ ಎರೆಯಾಗಿ ಬಳಸಬೇಡಿ, ಸಂಗೀತವಾಗಿ ಬಳಸಿ. 1950ರ ದಶಕದ ಮುಂಬೈ ಚಿತ್ರಗೀತೆಗಳ ವಾದ್ಯಗೋಷ್ಠಿಯಲ್ಲಿ ತುತ್ತೂರಿ, ಸ್ಯಾಕ್ಸೊಫೋನ್, ಪಿಟೀಲು ನುಡಿಸಿದವರಲ್ಲಿ, ವಾದ್ಯಸಂಯೋಜನೆ ಬರೆದವರಲ್ಲಿ ಗೋವಾದ ಕೊಂಕಣಿ ಕಲಾವಿದರು ಬಹಳ ಮಂದಿ. ಆಂಥೊನಿ ಗೊನ್ಸಾಲ್ವಿಸ್, ಸೆಬಾಸ್ಟಿಯನ್ ಡಿಸೋಜ, ಚಿಕ್ ಚಾಕೊಲೇಟ್ ಅವರಲ್ಲಿ ಪ್ರಮುಖರು. ರಾತ್ರಿ ಹೋಟೆಲುಗಳಲ್ಲಿ ಜಾಝ್ ನುಡಿಸಿ ಹಗಲು ಸ್ಟುಡಿಯೋಗೆ ಬರುತ್ತಿದ್ದವರು ಅವರಲ್ಲಿದ್ದರು. ಆ ಕಾಲದ ಒಂದು ಹಾಡು ಹಾಕಿ ಅದರ ತುತ್ತೂರಿಯ ಕಡೆಗೆ ಬೆರಳು ತೋರಿಸಿದರೆ ಜಾಝ್‌ಗೆ ಹೋಗಲು ಬೇರೆ ಸೇತುವೆ ಬೇಡ. ನಮ್ಮವರೇ ಆದ ಬಿ.ವಿ. ಕಾರಂತರು ಬಂಟ್ವಾಳದ ಮಂಚಿಯವರು. ಋಷ್ಯಶೃಂಗ ಮತ್ತು ಘಟಶ್ರಾದ್ಧ ಚಿತ್ರಗಳ ಸಂಗೀತಕ್ಕೆ ರಾಷ್ಟ್ರಪ್ರಶಸ್ತಿ ಪಡೆದವರು. ರಂಗಭೂಮಿಯಲ್ಲಿ ಅವರು ಯಕ್ಷಗಾನ, ಕಂಪೆನಿ ನಾಟಕದ ಮಟ್ಟು, ಹಿಂದುಸ್ತಾನಿ ಸಂಗೀತ, ಸುಮ್ಮನೆ ಬಿದ್ದಿರುವ ವಸ್ತುಗಳ ಸದ್ದು ಎಲ್ಲವನ್ನೂ ಸಂಗೀತ ಮಾಡಿದರು, ಪ್ರೇಕ್ಷಕರು ಅದನ್ನು ಗುನುಗುತ್ತ ಮನೆಗೆ ಹೋದರು. ಸಾಹಸ ಮತ್ತು ಜನಪ್ರಿಯತೆ ಒಂದೇ ಹಾಡಿನಲ್ಲಿ ಇರಬಹುದು ಎಂಬುದಕ್ಕೆ ನನಗೆ ಅವರಿಗಿಂತ ದೊಡ್ಡ ಉದಾಹರಣೆ ಗೊತ್ತಿಲ್ಲ.

ಫೋನ್ ಕರೆಗಳ ಬಗ್ಗೆ. ಫೋನ್ ಮಾಡುವವರು ಕೇಳುಗರಲ್ಲಿ ಒಂದು ಸಣ್ಣ ಗುಂಪು. ಹಾಡು ಕೋರುವ ಅಭ್ಯಾಸವಿರುವವರು ಫೋನ್ ಮಾಡುತ್ತಾರೆ, ತನ್ಮಯರಾಗಿ ಕೇಳಿದವರು ಮಾಡುವುದಿಲ್ಲ. ಅವರನ್ನು ನೀವೇ ಹುಡುಕಿ ಹೋಗಬೇಕು: ಸ್ವಸಹಾಯ ಸಂಘದ ಸಭೆ, ಮೀನು ಮಾರ್ಕೆಟ್, ರಿಕ್ಷಾ ಸ್ಟ್ಯಾಂಡ್. "ಇಷ್ಟವಾಯಿತಾ" ಎಂದು ಕೇಳಬೇಡಿ, ಮರ್ಯಾದೆಗೆ ಹೌದೆನ್ನುತ್ತಾರೆ. "ಯಾವಾಗ ಬಂದ್ ಮಾಡಿದಿರಿ" ಎಂದು ಕೇಳಿ. ಆ ಉತ್ತರವನ್ನು ಯಾವ ಹೊತ್ತಿಗೆ ಯಾವ ಹಾಡು ಎಂದು ಬರೆದಿರುವ ಕ್ಯೂಶೀಟಿನ ಪಕ್ಕದಲ್ಲಿಟ್ಟು ನೋಡಿದರೆ ಜೋಡಣೆ ಎಲ್ಲಿ ಸಡಿಲವಾಗಿದೆ ಎಂದು ಗೊತ್ತಾಗುತ್ತದೆ. ಕೋರಿಕೆ ಬಂದರೆ ತಿರಸ್ಕರಿಸಬೇಡಿ. ವಾರಕ್ಕೆ ಒಂದು ಕೋರಿಕೆಯ ಹಾಡು ಹಾಕಿ, ಅದರ ಬೆನ್ನಿಗೆ "ನಿಮ್ಮ ಹಾಡಿಗೆ ನನ್ನ ಹಾಡು" ಎಂದು ಅದೇ ರಾಗದ್ದೋ ಅದೇ ವಾದ್ಯದ್ದೋ ಇನ್ನೊಂದು. ಕೋರಿದವರು ಎರಡನ್ನೂ ಕೇಳದೆ ಹೋಗುವುದಿಲ್ಲ.

ಒಂದು ಎಚ್ಚರಿಕೆ ಮಾತ್ರ ಖಂಡಿತವಾಗಿ ಹೇಳಬೇಕು. ಪಾಡ್ದನ ನಿಮ್ಮ ಪಟ್ಟಿಯಲ್ಲಿದೆ ಎಂಬುದಕ್ಕೆ ಇದು. ಗದ್ದೆಯ ಹಾಡು ಬೇರೆ, ಕೋಲದ ಸಂದರ್ಭದಲ್ಲಿ ಹೇಳುವ ಪಾಡ್ದನ, ಅಲ್ಲಿಯ ವಾದ್ಯ, ದೈವದ ನುಡಿ ಬೇರೆ. ಅದು ಅಲ್ಲಿಯ ಜನರಿಗೆ ಆರಾಧನೆ, ಎಲೆಕ್ಟ್ರಾನಿಕ್ ಸಂಗೀತದ ಪಕ್ಕದಲ್ಲಿಟ್ಟು ಹೋಲಿಸುವ ಧ್ವನಿ ಅಲ್ಲ. ಯಾರೋ ಮೊಬೈಲಿನಲ್ಲಿ ಹಿಡಿದು ಕಳಿಸಿದ ಅಂಥ ಮುದ್ರಣ ಎಷ್ಟು ಚೆನ್ನಾಗಿದ್ದರೂ ಬಿತ್ತರಿಸಬೇಡಿ. ಗದ್ದೆಯ ಹಾಡನ್ನೂ ಹಾಡಿದವರನ್ನು ಕೇಳಿ, ಒಪ್ಪಿಗೆ ಪಡೆದು, ಅವರ ಹೆಸರು ಹೇಳಿ ಬಿತ್ತರಿಸಿ. ಅವರಿಗೆ ಪ್ರಸಾರದ ಸಮಯವನ್ನು ಮೊದಲೇ ತಿಳಿಸಿದರೆ ಅವರ ಇಡೀ ಮನೆ, ನೆರೆಮನೆ ಆ ದಿನ ರೇಡಿಯೊ ಮುಂದೆ ಇರುತ್ತದೆ, ಓಬೇಲೆಯ ಬೆನ್ನಿಗೆ ಬರುವ ಕೋರಾವನ್ನೂ ಕೇಳುತ್ತದೆ. ಮಾರುಕಟ್ಟೆಯ ಧ್ವನಿಮುದ್ರಣಗಳಿಗೆ ನಿಮ್ಮ ಕೇಂದ್ರದ ಹಕ್ಕುಸ್ವಾಮ್ಯದ ಪರವಾನಗಿ ಯಾವುದಕ್ಕೆಲ್ಲ ಅನ್ವಯಿಸುತ್ತದೆ ಎಂಬುದನ್ನು ಸಂಯೋಜಕರಲ್ಲಿ ಮೊದಲೇ ಕೇಳಿ ಬರೆದಿಟ್ಟುಕೊಳ್ಳಿ. ವಿದೇಶಿ ಆಲ್ಬಮ್ಮುಗಳ ವಿಷಯದಲ್ಲಿ ಇದು ಮುಖ್ಯ.

ಸಂಯೋಜಕರ ಬಳಿ ಹೋಗುವಾಗ ಎರಡು ಬೇಡಿಕೆ ಇಟ್ಟುಕೊಂಡು ಹೋಗಿ. ಮೂರು ತಿಂಗಳು ಸಮಯ ಬದಲಿಸದೆ ಈ ಜೋಡಣೆಯಲ್ಲಿ ನಡೆಸಲು ಬಿಡಿ ಎಂಬುದು ಒಂದು. ವಾರದ ನಡುವೆ ಮಧ್ಯಾಹ್ನ ಹೊತ್ತಿಗೆ ಅದೇ ಕಂತಿನ ಮರುಪ್ರಸಾರ ಎಂಬುದು ಇನ್ನೊಂದು. ಮಧ್ಯಾಹ್ನ ಏಕೆಂದರೆ ಬೀಡಿ ಕಟ್ಟುವವರು, ಹೊಲಿಗೆಯವರು, ಅಂಗಡಿಯಲ್ಲಿ ಒಬ್ಬರೇ ಕೂರುವವರು ಆಗ ಇರುತ್ತಾರೆ, ಶನಿವಾರ ಸಂಜೆ ಅವರಿಗೆ ಸಂತೆ, ಮನೆಕೆಲಸ, ಮಕ್ಕಳು. ಎರಡರಲ್ಲಿ ಒಂದನ್ನೇ ಒಪ್ಪುತ್ತೇವೆ ಎಂದರೆ ಮಧ್ಯಾಹ್ನದ್ದನ್ನು ಕೇಳಿ ತೆಗೆದುಕೊಳ್ಳಿ.